ಹಸಿರು ಬಿದ್ದ ಮೇಲೂ ದಾಟುತ್ತಿದ್ದ ಅಜ್ಜಿ

ಕಾರವಾರದ ಸಿಗ್ನಲ್‌ನಲ್ಲಿ ಹಸಿರು ದೀಪ ಬಿದ್ದರೂ ನನ್ನ ಮುಂದಿದ್ದ ಟೆಂಪೊ ಕದಲಲಿಲ್ಲ. ಶಿರವಾಡದಿಂದ ಕಚೇರಿಗೆ ಹೊರಟಿದ್ದ ನನಗೆ ಆಗಲೇ ತಡವಾಗಿತ್ತು. ಎರಡು ಸಲ ಹಾರ್ನ್ ಹೊಡೆದು, ಸ್ಕೂಟರನ್ನು ಟೆಂಪೊದ ಎಡಕ್ಕೆ ತಿರುಗಿಸಿ ಮುಂದೆ ನುಗ್ಗಿದೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಟೆಂಪೊದ ಮರೆಯಿಂದ ಎದುರಿಗೇ ಬಂದರು. ಬ್ರೇಕ್ ಹಿಡಿದು ನಿಂತಾಗ ಚಕ್ರಕ್ಕೂ ಅವರ ಕಾಲಿಗೂ ಒಂದು ಗೇಣು ಅಂತರ. ಬುಟ್ಟಿ ವಾಲಿ ನಾಲ್ಕೈದು ಬಂಗುಡೆ ರಸ್ತೆಗೆ ಬಿದ್ದವು.

“ಹಸಿರು ಬಿದ್ದಿದ್ದು ಕಾಣೂದಿಲ್ವಾ ಅಜ್ಜಿ?” ಎಂದು ನಾನೇ ರೇಗಿದೆ.

ಅವರು ಬುಟ್ಟಿ ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: “ನಿಮ್ಗೆ ಕೆಂಪು ಇದ್ದಾಗ್ಲೇ ನಾ ರಸ್ತೆಗೆ ಇಳ್ದದ್ದು ತಂಗಿ. ಕಾಲು ಜಲ್ದಿ ಬರೂದಿಲ್ಲ.”

ನನಗೆ ನಾಚಿಕೆಯಾಯಿತು. ಸ್ಕೂಟರಿಗೆ ಅಲ್ಲೇ ಸ್ಟ್ಯಾಂಡ್ ಹಾಕಿ, ಹಿಂದಿನ ವಾಹನಗಳಿಗೆ ಕೈ ಅಡ್ಡ ಹಿಡಿದೆ. ಮೀನು ಆರಿಸಿ ಬುಟ್ಟಿಗೆ ಹಾಕಿ, ಅಜ್ಜಿಯನ್ನು ಆಚೆ ದಾಟಿಸುವಷ್ಟರಲ್ಲಿ ಮತ್ತೆ ಕೆಂಪು ಬಿತ್ತು. ಟೆಂಪೊ ಚಾಲಕ ಅಲ್ಲಿಯವರೆಗೂ ಕಾದಿದ್ದ.

ಈಗ ನಾವಿರುವ ಅಂಕೋಲಾದಲ್ಲಿ ಮಗಳಿಗೆ ಸ್ಕೂಟರ್ ಕಲಿಸುತ್ತಿದ್ದೇನೆ. ಹಸಿರು ಎಂದರೆ ರಸ್ತೆ ಖಾಲಿಯಿದ್ದರೆ ಹೊರಡಬಹುದು ಎಂದಷ್ಟೇ ಅರ್ಥ ಎಂಬುದು ಅವಳಿಗೆ ನಾನು ಹೇಳಿಕೊಟ್ಟ ಮೊದಲ ಪಾಠ. ಹಿಂದಿನವರು ಎಷ್ಟೇ ಕೂಗಾಡಲಿ, ದಾಟುವವರು ಆಚೆ ಸೇರುವವರೆಗೆ ನಾವಿಬ್ಬರೂ ಕದಲುವುದಿಲ್ಲ.