ಮಗುಚಿ ಹಾಕಿದ ಕಲ್ಲು

ಸಿಂಚನಾ, ಮನು,

ನಿಮ್ಮ ಅಜ್ಜಿ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಎರಡು ಸಾಲಿನ ಕಾಗದ ಬರೆದೂ ಎಷ್ಟೋ ವರ್ಷವಾಯಿತು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಇದರಲ್ಲಿ ನಡೆದದ್ದೆಲ್ಲ ನಡೆದದ್ದೇ. ಒಂದು ಮಾತೂ ನಾನು ಸೇರಿಸಿದ್ದಲ್ಲ.

ರಜೆಗೆ ಬಂದಾಗ ನೀವಿಬ್ಬರೂ ದೀಪ ಆರಿಸಿ, ಮೊಬೈಲಿನಲ್ಲಿ ದೆವ್ವದ ಕತೆ ಹಾಕಿಕೊಂಡು, ಹೊದಿಕೆಯೊಳಗೆ ಕಿಸಿಕಿಸಿ ನಗುತ್ತೀರಿ. ಹೋದ ಸಲ ಮನು ಕೇಳಿದ್ದ, ಅಜ್ಜಿ, ನಿಂಗೆ ಯಾವತ್ತಾದ್ರೂ ಹಿಂಗೆಲ್ಲ ಆಗಿದ್ಯಾ ಅಂತ. ಇಲ್ಲ ಕಣೋ ಎಂದೆ. ಸುಳ್ಳು ಹೇಳಿದೆ. ಆಗಿದೆ. ನೀವು ಕ್ರಿಕೆಟ್ ಆಡುವ ಇದೇ ಹಿತ್ತಲಿನಲ್ಲಿ ಆಗಿದೆ. ಹೇಳಲು ನಾಚಿಕೆಯಾಯಿತು.

ನಾನು ಮದುವೆಯಾಗಿ ಬಂದಾಗ ಬೋಗಾದಿ ಇನ್ನೂ ಪೇಟೆಗೆ ಸೇರದ ಒಂದು ಊರು. ಈ ಮನೆ ಇರುವ ಜಾಗ ನಮ್ಮ ರಾಗಿ ಹೊಲ. ಬದುವಿನ ಮೇಲೊಂದು ಹೊಂಗೆ ಮರ, ಅದರ ಬುಡದಲ್ಲಿ ನನ್ನ ಎದೆಮಟ್ಟದ ಒಂದು ಚಪ್ಪಟೆ ಕಲ್ಲು. ಕಲ್ಲಿನ ಮೇಲೆ ಒಂದು ಕಂಬ ಕೆತ್ತಿದ್ದರು. ಆ ಕಂಬದಿಂದ ಒಂದು ಹೆಣ್ಣಿನ ಕೈ ಹೊರಟು, ಮೊಣಕೈಯಲ್ಲಿ ಬಾಗಿ ಮೇಲಕ್ಕೆ ಎದ್ದಿತ್ತು. ಕೈತುಂಬ ಬಳೆ. ಕಂಬದ ಕೆಳಗೆ ಒಂದು ಗಂಡು, ಒಂದು ಹೆಣ್ಣು ನಿಂತಿದ್ದರು.

ನಮ್ಮತ್ತೆ ಅದನ್ನು ಮಾಸ್ತಮ್ಮ ಎನ್ನುತ್ತಿದ್ದರು. ಮಾರ್ಲಮಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಅದಕ್ಕೂ ಅರಿಶಿನ ಬಳಿದು, ಒಂದು ಜೊತೆ ಗಾಜಿನ ಬಳೆ ಇಟ್ಟು ಕೈಮುಗಿಯುತ್ತಿದ್ದರು. ಮೊದಲ ವರ್ಷ ನನ್ನನ್ನು ಕರೆದುಕೊಂಡು ಹೋಗಿ ಹೇಳಿದರು.

"ಇವ್ಳೂ ಈ ಮನೆ ಸೊಸೆ ಕಣವ್ವ. ನಿನ್ನಂಗೇ ಬಂದೋಳು. ಗಂಡ ಸತ್ತಾಗ ಉರಿ ಒಳಕ್ಕೆ ಓದ್ಲು. ಎಸ್ರು ಯಾರ್ಗೂ ಗೊತ್ತಿಲ್ಲ."

ಅತ್ತೆ ತೀರಿಕೊಂಡ ಮೇಲೆ ಸುತ್ತಲ ಹೊಲಗಳೆಲ್ಲ ಬಡಾವಣೆಯಾದವು. ನಮಗೆ ಉಳಿದ ಜಾಗದಲ್ಲಿ ನಿಮ್ಮ ತಾತ ಈ ಮನೆ ಕಟ್ಟಿಸಿದರು. ಹೊಂಗೆ ಮರ ಹೋಯಿತು, ಕಲ್ಲು ಹಿತ್ತಲಿನಲ್ಲಿ ಉಳಿಯಿತು. ಅಕ್ಕಪಕ್ಕ ಸೈಟು ಕೊಂಡು ಬಂದವರೆಲ್ಲ ಪೇಟೆಯ ಜನ. ಅವರ ಮಾತು, ಉಡುಗೆ, ಅವರು ಕುರ್ಚಿಯಲ್ಲಿ ಕೂರುವ ರೀತಿ ಎಲ್ಲವೂ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು. ಕೃಷ್ಣಮೂರ್ತಿಪುರಂನಿಂದ ಬಂದಿದ್ದ ಒಬ್ಬರು ಮೊಸರಿಗೆ ಹೆಪ್ಪು ಕೇಳಲು ಹಿತ್ತಲಿಗೆ ಬಂದರು. ಅರಿಶಿನ ಮೆತ್ತಿದ ಕಲ್ಲು ನೋಡಿ, ಇದೇನ್ರೀ, ಮನೇಲೇ ಮಾರಿಗುಡಿ ಇಟ್ಕೊಂಡಿದೀರಲ್ಲ ಎಂದು ನಕ್ಕರು.

ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಂದು ಊಟಕ್ಕೆ ಬಡಿಸುತ್ತ ನಿಮ್ಮ ತಾತನಿಗೆ ನಾನೇ ಹೇಳಿದೆ. "ಆ ಕಲ್ಲ ಮಗುಚಿ ಹಾಕ್ಸಿ. ಒಗೆಯೋ ಕಲ್ಲಾಯ್ತದೆ."

ತಾತನಿಗೆ ಮನಸ್ಸಿರಲಿಲ್ಲ, ಎರಡು ದಿನ ಮುಂದೂಡಿದರು. ಮೂರನೆಯ ದಿನ ಆಳು ಕರೆಸಿ ಹಾಕಿಸಿದರು. ಇದು ತಾತ ಮಾಡಿದ್ದು ಎಂದು ನೀವು ಎಂದೂ ತಿಳಿಯಬಾರದು.

ಮುಖ ಮಣ್ಣಿಗೆ, ಬೆನ್ನು ಮೇಲಕ್ಕೆ. ಮೂವತ್ತು ವರ್ಷ ಆ ಬೆನ್ನಿನ ಮೇಲೆ ಬಟ್ಟೆ ಬಡಿದೆ. ನಿಮ್ಮಮ್ಮನ ಶಾಲೆಯ ಲಂಗ, ತಾತನ ಪಂಚೆ, ನೀವಿಬ್ಬರೂ ಹುಟ್ಟಿದಾಗಿನ ತೊಟ್ಟಿಲ ಬಟ್ಟೆ, ಎಲ್ಲ. ಎಡೆ ಇಡುವುದೂ ನಿಂತಿತು. ಮೊದಮೊದಲು ಮನಸ್ಸು ಚುಚ್ಚುತ್ತಿತ್ತು. ಆಮೇಲೆ ಅದು ಬರೀ ಕಲ್ಲಾಯಿತು.

ತಾತ ಹೋಗಿ ಮೂರು ವರ್ಷವಾಗಿತ್ತು. ಎದುರು ಮನೆಗೆ ಚಂದ್ರಪ್ಪ ಮೇಷ್ಟ್ರು ಬಾಡಿಗೆಗೆ ಬಂದರು. ನೀವು ಅವರನ್ನು ಬಲ್ಲಿರಿ, ನಿಮಗೆ ಕಡಲೆಮಿಠಾಯಿ ಕೊಡುವವರು. ಇತಿಹಾಸದ ಪಾಠ ಮಾಡಿ ನಿವೃತ್ತರಾದವರು. ಬೆಳಗ್ಗೆ ವಾಕಿಂಗ್ ನೆಪದಲ್ಲಿ ಹಳೇ ಊರಿನ ಕಡೆ ಹೋಗಿ, ಕಟ್ಟೆಯ ಮೇಲೆ ಕೂತ ಮುದುಕರ ಹತ್ತಿರ ಹಿಂದಿನದನ್ನೆಲ್ಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ಒಂದು ಸಂಜೆ ಗೇಟಿನ ಹತ್ತಿರ ಸೊಪ್ಪಿನ ಗಾಡಿ ನಿಂತಿತ್ತು. ನಾನು ಬಟ್ಟೆ ಒಗೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದಿದ್ದೆ. ಪಕ್ಕದ ಮನೆ ಜಯಮ್ಮ ದಂಟಿನ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದಳು. ಮೇಷ್ಟ್ರು ರಸ್ತೆ ದಾಟಿ ಬಂದರು.

"ಕೆಂಪಮ್ಮನವರೇ, ನಿಮ್ಮ ಹೊಲದಲ್ಲಿ ಹೊಂಗೆ ಮರದ ಕೆಳಗೆ ಒಂದು ಮಾಸ್ತಿಕಲ್ಲಿತ್ತಂತೆ. ನಿಮ್ಮತ್ತೆಯವರು ಪೂಜೆ ಮಾಡ್ತಿದ್ರಂತೆ. ಈಗೆಲ್ಲಿದೆ ಅದು?"

ನನ್ನ ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು.

"ನಂಗೊತ್ತಿಲ್ಲ ಮೇಷ್ಟ್ರೇ. ನಾ ನೋಡೇ ಇಲ್ಲ."

ಅವರು ಬೇಸರಪಟ್ಟುಕೊಳ್ಳಲಿಲ್ಲ. ಭಾನುವಾರ ಹಳೆಯ ಕಲ್ಲು ಶಾಸನ ಬಲ್ಲ ಇಬ್ಬರು ಬರುತ್ತಾರೆ, ಮರ ಇದ್ದ ಜಾಗ ನಿಮ್ಮ ಹಿತ್ತಲೇ ಅಂತೆ, ಒಂದು ಸಲ ನೋಡಬಹುದೇ ಎಂದು ಕೇಳಿದರು. ಬೇಡವೆನ್ನಲು ಬಾಯಿ ಬರಲಿಲ್ಲ. ಆಯ್ತು ಎಂದೆ.

ಅದೇ ರಾತ್ರಿ...

ನಿದ್ದೆ ಹತ್ತಿ ಎಷ್ಟು ಹೊತ್ತಾಗಿತ್ತೋ. ಹಿತ್ತಲಿನಿಂದ ಸದ್ದು ಬಂತು.

ಧಪ್... ಧಪ್... ಧಪ್...

ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿಯುವ ಸದ್ದು. ಅದರಲ್ಲಿ ನನಗೆ ಅನುಮಾನವೇ ಇಲ್ಲ, ಜೀವಮಾನವೆಲ್ಲ ಕೇಳಿದ ಸದ್ದು. ಮೊದಲು ಜಯಮ್ಮ ಅಂದುಕೊಂಡೆ. ಜಯಮ್ಮನ ಮನೆಯಲ್ಲಿ ಮೆಷಿನ್ ಇದೆಯಲ್ಲ ಎಂದು ಆಮೇಲೆ ಹೊಳೆಯಿತು. ಪ್ರತಿ ಏಟಿನ ಹಿಂದೆ ಇನ್ನೊಂದು ಸಣ್ಣ ಸದ್ದಿತ್ತು. ಗಾಜಿನ ಬಳೆಗಳು ಜಾರಿ ಮೊಣಕೈಗೆ ಬಂದು, ಮತ್ತೆ ಮಣಿಕಟ್ಟಿಗೆ ಇಳಿಯುವ ಸದ್ದು.

ಕಿಟಕಿಯಿಂದ ಒಂದು ವಾಸನೆಯೂ ಬಂತು. ಉರಿಯುವ ಸೌದೆಗೆ ನೀರು ಹಾಕಿದಾಗ ಏಳುತ್ತದಲ್ಲ, ಆ ವಾಸನೆ.

ಎದ್ದು ನೋಡುವ ಧೈರ್ಯ ಬರಲಿಲ್ಲ. ಮಗ್ಗುಲಿಗೆ ತಿರುಗಿ ಕಿವಿ ಮುಚ್ಚಿಕೊಂಡೆ.

ಕನಸಿರಬೇಕು ಎಂದುಕೊಂಡು ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಆಗ ಮಹಡಿ ಮೇಲೆ ಬಾಡಿಗೆಗಿದ್ದ ಕಾಲೇಜು ಹುಡುಗಿ ಪಲ್ಲವಿ ಮೆಟ್ಟಿಲಿಳಿದು ಬಂದಳು.

"ಅಜ್ಜಿ, ಅಷ್ಟೊತ್ತಲ್ಲಿ ಯಾಕೆ ಬಟ್ಟೆ ಒಗೀತಿದ್ರಿ? ನಿಮ್ಮ ಬಳೆ ಸದ್ದಿಗೆ ನಂಗೆ ಎಚ್ಚರ ಆಗೋಯ್ತು."

ಹೇಳುತ್ತಲೇ ಅವಳ ಕಣ್ಣು ನನ್ನ ಕೈಗೆ ಬಿತ್ತು. ತಾತ ಹೋದಾಗಿನಿಂದ ನನ್ನ ಕೈಯಲ್ಲಿ ಗಾಜಿನ ಬಳೆ ಇಲ್ಲ. ಅವಳು ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಆಗಲಾದರೂ ಮೇಷ್ಟ್ರ ಮನೆಗೆ ಹೋಗಿ, ಇದೇ ನೋಡಿ ಕಲ್ಲು, ನಾನೇ ಮಗುಚಿಸಿದ್ದು ಎಂದು ಹೇಳಬಹುದಿತ್ತು. ಬೀದಿ ದಾಟಿದರೆ ಅವರ ಮನೆ. ಆದರೆ ದೇವರ ಕಲ್ಲ ಮೇಲೆ ಮೈಲಿಗೆ ಬಟ್ಟೆ ಒಗೆದವಳು ಎಂದು ಜಯಮ್ಮ ಹತ್ತು ಮನೆಗೆ ಹೇಳುತ್ತಾಳಲ್ಲ, ಆ ಭಯವೇ ಮಿಕ್ಕ ಭಯಕ್ಕಿಂತ ದೊಡ್ಡದಾಯಿತು.

ಶನಿವಾರ ಮಧ್ಯಾಹ್ನ, ಜಯಮ್ಮ ಮಲಗಿದ ಹೊತ್ತು ನೋಡಿ, ಹಿಂದಿನ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಮಾದೇವನನ್ನು ಕರೆದು, ಆ ಕಲ್ಲನ್ನು ಸಾಗಿಸಿಬಿಡಲು ಹೇಳಿದೆ. ಅವನು ಇನ್ನಿಬ್ಬರನ್ನು ಕರೆತಂದು, ಹಾರೆ ಕೊಟ್ಟು ಮೀಟಿದ. ಕಲ್ಲು ಕಚಕ್ಕೆಂದು ಎದ್ದು ಮಗ್ಗುಲಾಯಿತು.

ಮಕ್ಕಳೇ, ಮೂವತ್ತು ವರ್ಷ ಮಣ್ಣಿಗೆ ಮುಖ ಕೊಟ್ಟು ಬಿದ್ದಿದ್ದ ಕಲ್ಲು ಅದು. ಬೇರು, ಎರೆಹುಳ, ಕೆಸರು ಮೆತ್ತಿರಬೇಕು. ಒಂದು ಕಣ ಮಣ್ಣು ಅಂಟಿರಲಿಲ್ಲ. ಈಗಷ್ಟೇ ತೊಳೆದ ಹಾಗೆ ಇತ್ತು. ಮುಖದ ಮೇಲೆ ನೀರು ಹನಿ ಹನಿಯಾಗಿ ನಿಂತಿತ್ತು.

ಮಾದೇವ ಹಾರೆ ಕೆಳಗಿಟ್ಟ. ಉಳಿದಿಬ್ಬರು ಹಿಂದೆ ಸರಿದರು.

"ಅವ್ವಾ, ಇದು ಮಾಸ್ತಿ ಕಣವ್ವ. ಎಲ್ಲಾರ ಮರದ್ ಬುಡ್ದಲ್ಲಿ ನಿಲ್ಸುಮ. ಕಸ ಮಾಡ್ಬಾರ್ದು."

"ಮಾಸ್ತಿನೂ ಇಲ್ಲ ಗೀಸ್ತಿನೂ ಇಲ್ಲ. ಬೇಗ ತಕ್ಕೊಂಡೋಗು. ಯಾರ್ಗೂ ಏಳ್ಬೇಡ."

ಅವನು ನನ್ನನ್ನೇ ನೋಡಿದ. ವಯಸ್ಸಿನಲ್ಲಿ ನನ್ನ ಮಗನಂಥವನು. ಆಮೇಲೆ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕಲ್ಲಿನ ಮುಖಕ್ಕೆ ಹೊದಿಸಿದ. ಮೂವರೂ ಹೊತ್ತು, ಮುರಿದ ಇಟ್ಟಿಗೆ ತುಂಬಿದ್ದ ಟ್ರ್ಯಾಕ್ಟರಿಗೆ ಹಾಕಿದರು.

ಭಾನುವಾರ ಮೇಷ್ಟ್ರು ಬಂದರು. ಜೊತೆಗೆ ಆ ಇಬ್ಬರು. ಜಯಮ್ಮನೂ ನೋಡಲು ಬಂದಳು. ಎಲ್ಲರೂ ಹಿತ್ತಲಿನಲ್ಲಿ ನಿಂತರು. ಅಲ್ಲಿ ಆಳುದ್ದದ ಹಸಿ ಮಣ್ಣಿನ ಗುರುತು.

ಮೇಷ್ಟ್ರು ಪಕ್ಕದ ನಲ್ಲಿಯನ್ನು ನೋಡಿ ಮೆಲ್ಲಗೆ ಕೇಳಿದರು. "ಇಲ್ಲಿ ಒಗೆಯೋ ಕಲ್ಲಿತ್ತಲ್ವಾ ಅಮ್ಮ?"

"ಬಿರುಕು ಬುಟ್ಟಿತ್ತು. ತೆಗೆಸ್ಬುಟ್ಟೆ."

"ಅಯ್ಯೋ, ನಿನ್ನೆ ಬೆಳಗ್ಗೆ ಗಟ್‌ಮುಟ್ಟಾಗೇ ಇತ್ತಲ್ಲ ಕೆಂಪಕ್ಕ," ಎಂದಳು ಜಯಮ್ಮ.

ಮೇಷ್ಟ್ರು ಆ ಗುರುತನ್ನು ಒಂದು ಗಳಿಗೆ ನೋಡಿದರು. ಅವರಿಗೆ ಎಲ್ಲ ತಿಳಿಯಿತು ಎಂದು ನನಗೆ ತಿಳಿಯಿತು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಾಫಿ ಘಮಘಮ ಅಂತಿದೆ, ಒಳಗೆ ಹೋಗೋಣ ನಡೀರಿ ಎಂದು ಎಲ್ಲರನ್ನೂ ಕರೆದುಕೊಂಡು ಒಳಗೆ ಬಂದರು. ಕಾಫಿ ಕುಡಿದು, ಚೆನ್ನಾಗಿತ್ತು ಅಮ್ಮ ಎಂದು ಹೇಳಿ ಹೋದರು.

ಆ ದಿನ ಕಳೆದರೆ ಸಾಕಾಗಿತ್ತು. ಸಂಜೆ ಅಭ್ಯಾಸಬಲದಿಂದ ಎರಡು ಸೀರೆ, ಒಂದು ಹೊದಿಕೆ ಬಕೆಟ್ಟಿನಲ್ಲಿ ನೆನೆಹಾಕಿದೆ. ಹಾಕಿದ ಮೇಲೆ ನೆನಪಾಯಿತು, ಒಗೆಯಲು ಕಲ್ಲಿಲ್ಲ. ಬೆಳಗ್ಗೆ ನೋಡಿದರಾಯಿತು ಎಂದು ಹಿಂಬಾಗಿಲಿಗೆ ಚಿಲಕ ಹಾಕಿ ಮಲಗಿದೆ.

ಧಪ್... ಧಪ್...

ಎದ್ದು ಕೂತೆ. ಕಲ್ಲೇ ಇಲ್ಲವಲ್ಲ... ಯಾವುದಕ್ಕೆ ಬಡಿಯುತ್ತಿದ್ದಾರೆ?

ಈ ಸಲ ಹೋದೆ. ಹೇಗೆ ಹೋದೆನೋ ಗೊತ್ತಿಲ್ಲ. ಚಿಲಕ ತೆಗೆಯುವವರೆಗೂ ಸದ್ದಿತ್ತು, ಬಳೆಯ ಸದ್ದೂ ಇತ್ತು. ಬಾಗಿಲು ತೆರೆದು ಲೈಟು ಹಾಕಿದೆ. ನಿಂತಿತು.

ಹಿತ್ತಲಿನಲ್ಲಿ ಯಾರೂ ಇರಲಿಲ್ಲ. ಸುಟ್ಟ ಸೌದೆ ನೆನೆದ ವಾಸನೆ ಮೂಗಿಗೆ ಹೊಡೆಯಿತು. ನಲ್ಲಿ ಮುಚ್ಚಿತ್ತು. ಕಲ್ಲಿದ್ದ ಜಾಗದಲ್ಲಿ ಮಾತ್ರ ನೀರು ನಿಂತು, ಅದರ ಮೇಲೆ ಸೋಪಿನ ನೊರೆ ಇನ್ನೂ ಒಡೆಯುತ್ತಿತ್ತು. ಬಕೆಟ್ಟು ಬರಿದಾಗಿ ಬೋರಲು ಬಿದ್ದಿತ್ತು.

ತಲೆಯೆತ್ತಿದೆ. ತಂತಿಯ ಮೇಲೆ ನನ್ನ ಎರಡು ಸೀರೆ, ಹೊದಿಕೆ. ಒಗೆದು, ಹಿಂಡಿ, ಕೊಡವಿ ಹಾಕಿದ್ದವು.

ಜಯಮ್ಮ ಸೀರೆಯನ್ನು ಉದ್ದಕ್ಕೆ ಹರವುತ್ತಾಳೆ. ಮಹಡಿಯ ಪಲ್ಲವಿ ಕ್ಲಿಪ್ಪು ಹಾಕುತ್ತಾಳೆ. ಇದು ಹಾಗಿರಲಿಲ್ಲ. ನಾಲ್ಕು ಮಡಿಕೆ ಮಾಡಿ, ಬಿಸಿಲಿಗೆ ಬಣ್ಣ ಹೋಗದಿರಲೆಂದು ಸೆರಗನ್ನು ಒಳಗೆ ಸೇರಿಸಿ, ತುದಿಯನ್ನು ತಂತಿಗೆ ಒಂದು ಸುತ್ತು ಸುತ್ತಿದ್ದರು. ನಮ್ಮತ್ತೆ ನನಗೆ ಹೇಳಿಕೊಟ್ಟ ರೀತಿ ಅದು. ಅವರಿಗೆ ಅವರ ಅತ್ತೆ ಹೇಳಿಕೊಟ್ಟದ್ದು. ಈ ಮನೆಯ ಸೊಸೆಯರನ್ನು ಬಿಟ್ಟು ಬೇರೆ ಯಾರೂ ಹಾಗೆ ಹಾಕಿದ್ದನ್ನು ನಾನು ಕಂಡಿಲ್ಲ.

ತಪ್ಪಾಯ್ತು ಕಣವ್ವ... ಅಷ್ಟೇ ಅನ್ನಬೇಕಿತ್ತು. ಬಾಗಿಲು ಹಾಕಿ, ದೇವರ ಮನೆಯಲ್ಲಿ ಬೆಳಗಾಗುವವರೆಗೆ ಕೂತಿದ್ದೆ. ನನ್ನನ್ನು ಹೆದರಿಸಲು ಬಂದಿದ್ದರೆ ಒಂದು ಲೆಕ್ಕ. ಅವಳು ಬಂದು ಮನೆಗೆಲಸ ಮಾಡಿ ಹೋಗಿದ್ದಳು.

ನಿಮ್ಮ ತಾತ ಹೋದ ಮೂರನೆಯ ದಿನ ನನಗೆ ಹಸಿವಾಗಿ, ನಿಮ್ಮಮ್ಮ ಕಲಸಿಕೊಟ್ಟ ಅನ್ನ ತಿಂದಿದ್ದೆ. ಅದನ್ನೇ ಆ ರಾತ್ರಿ ನೆನೆಯುತ್ತಿದ್ದೆ. ಗಂಡ ಸತ್ತ ಮೇಲೆ ಮಾಸ್ತಮ್ಮನಿಗೆ ಹಸಿವಾಗುವಷ್ಟು ದಿನ ಯಾರೂ ಬಿಡಲಿಲ್ಲ. ತಾನೇ ಹೋದಳೋ, ಕಳಿಸಿದರೋ, ಯಾರಿಗೆ ಗೊತ್ತು? ಅವಳದೆಂದು ಉಳಿದಿದ್ದದ್ದು ಒಂದು ಕಲ್ಲು.

ಮಾರನೆಯ ದಿನವೇ ಮಾದೇವನನ್ನು ಹುಡುಕಿಕೊಂಡು ಹೋದೆ. ಶ್ರೀರಾಂಪುರದ ಕಡೆ ಒಂದು ಹಳ್ಳದ ಸೈಟಿಗೆ ಲೋಡು ಸುರಿದಿದ್ದನಂತೆ. ಆಟೋ ಮಾಡಿಕೊಂಡು ಇಬ್ಬರೂ ಹೋದೆವು. ಅಷ್ಟರಲ್ಲಿ ಮೇಲೆ ಹತ್ತಾರು ಲೋಡು ಬಿದ್ದು, ಮಟ್ಟ ಮಾಡಿ, ರೋಲರ್ ಹೊಡೆಸಿದ್ದರು. ಈಗ ಅಲ್ಲಿ ಮನೆ ಎದ್ದಿದೆ. ಗೇಟಿನಲ್ಲಿ ಒಂದು ಮಗು ಸೈಕಲ್ ಹೊಡೆಯುತ್ತಿರುವುದನ್ನು ನೋಡಿದ್ದೇನೆ. ಆ ಮನೆಯವರಿಗೆ ಏನೆಂದು ಹೇಳಲಿ?

ಹೋದ ವರ್ಷ ಮೇಷ್ಟ್ರು ಊರಿನ ಹಳೆಯ ಸಂಗತಿಗಳನ್ನೆಲ್ಲ ಸೇರಿಸಿ ಒಂದು ಸಣ್ಣ ಪುಸ್ತಕ ಮಾಡಿದರು. ಪಾರ್ಕಿನಲ್ಲಿ ಕುರ್ಚಿ ಹಾಕಿಸಿ ಓದಿದರು. ಹೊಂಗೆ ಮರದ ಕೆಳಗೆ ಒಂದು ಮಾಸ್ತಿಕಲ್ಲು ಇತ್ತೆಂದು ಹಿರಿಯರು ಹೇಳುತ್ತಾರೆ, ಈಗ ಯಾವ ಕುರುಹೂ ಇಲ್ಲ, ಅದು ಹೇಗಿತ್ತೆಂದು ಹೇಳುವವರೂ ಇಲ್ಲ ಎಂದು ಓದುವಾಗ ಅವರು ಪುಸ್ತಕದಿಂದ ಕಣ್ಣೆತ್ತಲಿಲ್ಲ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದೆ.

ಸದ್ದು ಈಗಲೂ ಬರುತ್ತದೆ. ದಿನಾ ಅಲ್ಲ. ನಿಮ್ಮಮ್ಮ ಮೆಷಿನ್ ತಂದುಕೊಟ್ಟ ಮೇಲೂ ಬಂದಿದೆ, ಮೊನ್ನೆ ಅಮಾವಾಸ್ಯೆ ಕಳೆದ ಮೇಲೂ ಬಂತು. ಯಾಕೆ, ಹೇಗೆ, ನನಗೆ ತಿಳಿಯದು. ರಾತ್ರಿ ಹೊತ್ತು ಬಟ್ಟೆ ನೆನೆಹಾಕುವುದನ್ನು ಬಿಟ್ಟಿದ್ದೇನೆ, ಅಷ್ಟೇ.

ಅವಳು ಹೇಗಿದ್ದಳೆಂದು ಬರೆಯುತ್ತೇನೆ, ಗಮನವಿಟ್ಟು ಓದಿ. ದುಂಡು ಮುಖ. ತುರುಬು ಎಡಕ್ಕೆ ವಾಲಿದೆ. ಮೂಗಿನ ತುದಿ ಸ್ವಲ್ಪ ಮುಕ್ಕಾಗಿದೆ. ಗಂಡ ಕೈಮುಗಿದಿದ್ದಾನೆ, ಇವಳು ಮುಗಿದಿಲ್ಲ. ಎಡಗೈ ಕೆಳಗೆ ಇಳಿಬಿಟ್ಟು ಸೀರೆಯ ನೆರಿಗೆ ಹಿಡಿದಿದ್ದಾಳೆ, ನಡೆಯಲು ಹೊರಟವರ ಹಾಗೆ. ಕಂಬದಿಂದ ಎದ್ದ ಕೈಯಲ್ಲಿ ಏಳು ಬಳೆ, ಬೆರಳುಗಳ ನಡುವೆ ಒಂದು ನಿಂಬೆಹಣ್ಣು. ಮೇಲೆ ಸೂರ್ಯ, ಚಂದ್ರ. ವಯಸ್ಸು, ಸಿಂಚನಾ, ನಿನಗಿಂತ ಹೆಚ್ಚಿರಲಾರದು.

ಇದನ್ನು ಮೇಷ್ಟ್ರಿಗೆ ನಾನೇ ತೋರಿಸಬೇಕು. ಎರಡು ಸಲ ಗೇಟಿನವರೆಗೆ ಹೋಗಿ ಮರಳಿ ಬಂದೆ. ನನ್ನಿಂದ ಆಗದೇ ಹೋದರೆ ನೀವು ತೋರಿಸಿ, ಅಜ್ಜಿಯ ಮರ್ಯಾದೆ ಹೋಗುತ್ತದೆಂದು ಮುಚ್ಚಿಡಬೇಡಿ. ಈ ಹಾಳೆಗಳು ಹರಿಯದ ಹಾಗೆ, ನೀರು ತಾಗದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ. ಅವಳು ಇದ್ದಳು ಎನ್ನಲು ಈಗ ಬೇರೇನೂ ಇಲ್ಲ.