ಮುನಿಯಪ್ಪನವರ ತೋಳು ಮತ್ತು ನನ್ನ ಷವರ್

ಅವತ್ತು ಬೆಳಿಗ್ಗೆ ಮೊದಲು ಕಿರುಚಿದ್ದು ನಾನೋ, ಕೆಳಮನೆಯಲ್ಲಿರುವ ನಮ್ಮ ಮಾಲೀಕ ಮುನಿಯಪ್ಪನವರೋ, ಈಗ ನನಗೆ ಖಚಿತವಾಗಿ ನೆನಪಿಲ್ಲ. ಜಕ್ಕೂರು ಕೆರೆ ಸುತ್ತ ಓಡಿ ಹಿಡಿದುಕೊಂಡಿದ್ದ ಕಾಲು ಸಡಿಲವಾಗಲೆಂದು, ನಂಬಿಕೆ ಇಲ್ಲದಿದ್ದರೂ, ನಾಲ್ಕು ದಿನದಿಂದ ಒಂದು ನಿಮಿಷ ಬಿಸಿನೀರು, ಒಂದು ನಿಮಿಷ ತಣ್ಣೀರಿನ ಷವರ್ ಮಾಡುತ್ತಿದ್ದೆ. ಬಿಸಿ ನಿಲ್ಲಿಸಿ ತಣ್ಣೀರು ತಿರುಗಿಸಿದೆ. ಮೇಲೂ ಕೆಳಗೂ ಒಟ್ಟಿಗೇ ಕೂಗೆದ್ದಿತು.

ಬಾಗಿಲು ತೆರೆದರೆ ಎಪ್ಪತ್ತು ದಾಟಿದ ಮುನಿಯಪ್ಪನವರು ಟವೆಲ್ ಸುತ್ತಿಕೊಂಡು, ಕಿವಿಯಲ್ಲಿ ಸೋಪಿನ ನೊರೆ ಸಮೇತ ನಿಂತಿದ್ದರು.

"ಏನ್ ಮೇಷ್ಟ್ರೇ, ನಾಕು ದಿನದಿಂದ ನೋಡ್ತಾ ಇವ್ನಿ. ಒಂದ್ ಗಳಿಗೆ ಮೈ ಸುಡ್ತದೆ, ಒಂದ್ ಗಳಿಗೆ ಅಲ್ಲು ಕಟಕಟ ಅಂತದೆ. ಮ್ಯಾಲೆ ಏನ್ ಮಾಡ್ತಿದ್ದೀರಾ?"

ತಪ್ಪೊಪ್ಪಿಕೊಂಡೆ. ಮನೆ ಖಾಲಿ ಮಾಡಿ ಅನ್ನುತ್ತಾರೆಂದುಕೊಂಡೆ. ಅವರು ಬಲಗೈಯನ್ನು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿದರು. ಇನ್ನೊಂದು ಕೈ ಟವೆಲನ್ನು ಭದ್ರವಾಗಿ ಹಿಡಿದಿತ್ತು.

"ಯುಗಾದಿಯಿಂದ ಈ ತೋಳು ಮ್ಯಾಕೆ ಏಳ್ತಿರ್ಲಿಲ್ಲ ಕಣ್ರೀ. ನಾಳೆನೂ ಆರೂವರೆಗೇ ಮಾಡಿ. ತಪ್ಪಿಸ್ಬ್ಯಾಡಿ!"

ಅದು ಕಾಕತಾಳೀಯ ಎನ್ನಬೇಕೆನಿಸಿತು. ಮನೆ ಚೆನ್ನಾಗಿದೆ, ಹಾಗಾಗಿ ಸುಮ್ಮನಾದೆ. ನನ್ನ ಕಾಲು ಇನ್ನೂ ಹಿಡಿದುಕೊಂಡೇ ಇದೆ, ಆದರೂ ಅವರ ತೋಳಿಗಾಗಿ ದಿನಾ ಅಲಾರಂ ಇಟ್ಟು ಏಳುತ್ತೇನೆ. ಆ ಕೈ ಅಂದು ನಿಜಕ್ಕೂ ಅಷ್ಟೆತ್ತರ ಏರಿತ್ತೇ ಎಂಬ ಅನುಮಾನ ನನಗೆ ಈಗಲೂ ಇದೆ. ಭಾನುವಾರ ತಾರಸಿ ಹತ್ತಿ ಪರೀಕ್ಷಿಸಿ ಕಂಡದ್ದರಲ್ಲಿ ಮಾತ್ರ ಅನುಮಾನವಿಲ್ಲ: ಸೋಲಾರ್‌ನಿಂದ ಎರಡೂ ಬಚ್ಚಲಿಗೆ ಇಳಿಯುವ ಬಿಸಿನೀರಿನ ಪೈಪು ಒಂದೇ. ನಾನು ಬಿಸಿ ತಿರುಗಿಸಿದರೆ ಅವರಿಗೆ ತಣ್ಣೀರು, ನಿಲ್ಲಿಸಿದರೆ ಅವರಿಗೆ ಬಿಸಿ.