ಆಟೋ ಹತ್ತಿದ ಬ್ಲಾಗು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಓಬಳೇಶು ಮೈಕಿನ ಸ್ವಿಚ್ ಆರಿಸಿದ. ಅಷ್ಟು ಸರಿಯಾಗಿ ಹೇಗೆ ಗೊತ್ತು ಎನ್ನುತ್ತೀರಾ? ಸದ್ದು ನಿಂತಿತಲ್ಲ, ಸುಮ್ಮನೆ ಮೊಬೈಲು ತೆಗೆದು ನೋಡಿದ್ದೆ. ಅಲ್ಲಿಂದಾಚೆಗೆ ಕಣ್ಣು ಮುಚ್ಚಿದರೆ ಅದೇ ಅಂಕಿ.

ಓಬಳೇಶು ಆಟೋ ಡ್ರೈವರ್. ಕಲ್ಯಾಣದುರ್ಗದಿಂದ ಬೆಳುಗುಪ್ಪದ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಾವಿದ್ದೆವು. ಆಟೋದ ತಲೆಯ ಮೇಲೆ ಎರಡು ಲೌಡ್‌ಸ್ಪೀಕರು. ಅದರಲ್ಲಿ ನನ್ನದೇ ದನಿ.

ಹಿಂದೂಪುರದಲ್ಲಿ ನನ್ನ ಸೋದರಮಾವನದು ಪಂಪ್‌ಸೆಟ್ ಅಂಗಡಿ. ಅಂಗಡಿಗೊಂದು ಬ್ಲಾಗ್ ಇರಲಿ ಎಂದು ಹಠ ಹಿಡಿದವಳು ನಾನೇ, ಬರೆಯುವವಳೂ ನಾನೇ. (ಕಾಮೆಂಟು ಹಾಕುತ್ತಿದ್ದವರು ನನ್ನ ಕಾಲೇಜಿನ ಗೆಳತಿಯರು. ಅವರಲ್ಲಿ ಒಬ್ಬಳಿಗೂ ಬಾವಿ ಇಲ್ಲ.)

ಮಾವ ಒಂದು ದಿನ ಕೇಳಿದರು: "ಬ್ಲಾಗ್ ಓದೋರು ಬೆಂಗಳೂರಾಗವ್ರೆ, ಮೋಟ್ರು ಬೇಕಾದೋರು ಕಲ್ಯಾಣದುರ್ಗದಾಗವ್ರೆ. ಏನ್ ಮಾಡಾನ ಕಣಮ್ಮ?"

ಉತ್ತರವನ್ನೂ ಅವರೇ ಕೊಟ್ಟರು. ಬರೆದದ್ದನ್ನು ಓದಿ ರೆಕಾರ್ಡ್ ಮಾಡುವುದು, ಪೆನ್‌ಡ್ರೈವಿಗೆ ಹಾಕುವುದು, ಆಟೋದಲ್ಲಿ ಊರೂರು ಸುತ್ತಿಸುವುದು. ನನಗೆ ಹೆಮ್ಮೆಯೇ ಆಯಿತು. ತಾನು ಬರೆದದ್ದನ್ನು ಜನ ಕೇಳುವುದನ್ನು ಕಣ್ಣಾರೆ ನೋಡುವ ಭಾಗ್ಯ ಎಷ್ಟು ಜನಕ್ಕಿದೆ? ಮೊದಲ ದಿನವೇ ಆಟೋ ಹತ್ತಿ ಕೂತೆ.

ಅಂದು ಹಾಕಿದ್ದು 'ಬಾವಿಗೆ ಇಳಿಯುವ ಮುನ್ನ' ಎಂಬ ಬರಹ. ಆ ಕಡೆಯ ಹಳೆಯ ತೆರೆದ ಬಾವಿಗಳಲ್ಲಿ ಡೀಸೆಲ್ ಎಂಜಿನ್ನನ್ನು ಅರ್ಧ ಆಳದ ಕಟ್ಟೆಯ ಮೇಲೆ ಕೂರಿಸಿರುತ್ತಾರೆ. ಅದು ಕೆಟ್ಟರೆ ಇಳಿದೇ ನೋಡಬೇಕು. ಓದುಗರನ್ನು ಮೊದಲು ನಂಬಿಸಿ ಆಮೇಲೆ ಬೆಚ್ಚಿಬೀಳಿಸುವುದು ನಮ್ಮಂಥ ಅಂಕಣದವರ ಚಾಳಿ. ಹಾಗಾಗಿ, "ಬಾವಿಯೊಳಗೆ ಲಾಟೀನು ಇಳಿಬಿಡಿ, ದೀಪ ಆರದಿದ್ದರೆ ಧೈರ್ಯವಾಗಿ ಇಳಿಯಬಹುದು" ಎಂದು ಶುರು. ಎರಡನೆಯ ಪ್ಯಾರಾದಲ್ಲಿ ತಿರುವು: ಇದನ್ನು ನಂಬಿ ಇಳಿಯಬೇಡಿ, ಎಂಜಿನ್ನಿನ ಹೊಗೆಯಲ್ಲಿರುವ ವಿಷಕ್ಕೆ ದೀಪ ಆರುವುದಿಲ್ಲ, ಮನುಷ್ಯ ಬಿದ್ದುಹೋಗುತ್ತಾನೆ. ಮೂರನೆಯದರಲ್ಲಿ ಮಾವನ ಅಂಗಡಿ, ಬಾವಿಗೆ ಇಳಿಯದೆ ಮೇಲಿನಿಂದಲೇ ಸ್ವಿಚ್ ಹಾಕುವ ಮೋಟರು.

ಬ್ಲಾಗಿನಲ್ಲಿ ಚೆನ್ನಾಗಿತ್ತು. ಓದುವವರಿಗೆ ಮುಂದಿನ ಪ್ಯಾರಾ ಕಣ್ಣಳತೆಯಲ್ಲೇ ಇರುತ್ತದೆ.

ಆಟೋ ಹಾಗಲ್ಲ.

ಆ ಹಳ್ಳಿಯ ಒಂದು ಬೀದಿಗೆ ತಿರುಗಿದಾಗ ಮೊದಲ ಪ್ಯಾರಾ ಮುಗಿಯುತ್ತಿತ್ತು. ಮುಂದೊಂದು ಮನೆಯ ಬಾಗಿಲಲ್ಲಿ ಬೆಂಕಿ ಹಾಕಿದ್ದರು, ಜನ ಮಾತಿಲ್ಲದೆ ಕೂತಿದ್ದರು. "ಸಾವಿನ ಮನೆ ಅಕ್ಕಾ" ಎಂದು ಓಬಳೇಶು ಸ್ವಿಚ್ ಆರಿಸಿದ. ಸಾವಾದ ಮನೆ ಮುಂದೆ ಮೈಕ್ ಕೂಗಿಸಿಕೊಂಡು ಹೋಗುವ ಡ್ರೈವರ್ ನಮ್ಮ ಕಡೆ ಇಲ್ಲ. ನಾನೂ ತಲೆ ತಗ್ಗಿಸಿ ಕೂತೆ. ಪೆನ್‌ಡ್ರೈವ್ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ಬೀದಿ ದಾಟಿ ಮತ್ತೆ ಸ್ವಿಚ್ ಹಾಕಿದಾಗ ನನ್ನ ದನಿ ಅಂಗಡಿಯ ವಿಳಾಸ ಹೇಳುತ್ತಿತ್ತು. ನಡುವಿನ ಎಚ್ಚರಿಕೆಯ ಮಾತು ಯಾರಿಗೂ ಕೇಳಿಸಲೇ ಇಲ್ಲವೆಂದು ಇಬ್ಬರಿಗೂ ಹೊಳೆಯಲಿಲ್ಲ.

ಊರಾಚೆ ಟೀ ಕುಡಿಯುತ್ತಿದ್ದಾಗ ಹೊಲದ ಕಡೆಯಿಂದ ಕೂಗು ಕೇಳಿಸಿತು. ಓಡಿದೆ.

ಬಾವಿಯ ಅಂಚಿನಲ್ಲಿ ಹೆಂಗಸೊಬ್ಬರು ಹಗ್ಗ ಹಿಡಿದು ಕುಸಿದಿದ್ದರು. ಹೆಸರು ಗಂಗಮ್ಮ ಎಂದು ಆಮೇಲೆ ತಿಳಿಯಿತು. ಹಗ್ಗದ ಇನ್ನೊಂದು ತುದಿ ಕೆಳಗೆ ಅವರ ಗಂಡ ತಿಪ್ಪೇಸ್ವಾಮಿಯವರ ಸೊಂಟದಲ್ಲಿತ್ತು. ಎಂಜಿನ್ನಿನ ಬುಡದಲ್ಲಿ ಮುದುರಿ ಬಿದ್ದಿದ್ದರು. ಪಕ್ಕದಲ್ಲಿ ಲಾಟೀನು.

ಉರಿಯುತ್ತಿತ್ತು.

ಪಕ್ಕದ ಹೊಲದವನೊಬ್ಬ ಪಂಚೆ ಎತ್ತಿ ಕಟ್ಟಿ ಮೆಟ್ಟಿಲಿಗೆ ಕಾಲಿಟ್ಟೇಬಿಟ್ಟಿದ್ದ. ನನ್ನ ಕೂಗು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಓಬಳೇಶು ಆಟೋವನ್ನು ಹೊಲಕ್ಕೇ ನುಗ್ಗಿಸಿ ಮೈಕನ್ನು ನನ್ನ ಕೈಗಿಟ್ಟ. "ಇಳೀಬೇಡಿ, ದಿಗೊದ್ದು, ಇಳೀಬೇಡಿ." ಕನ್ನಡ, ತೆಲುಗು, ಬಾಯಿಗೆ ಬಂದದ್ದು. ಅವನು ನಿಂತ. ಎಲ್ಲರೂ ಸೇರಿ ಹಗ್ಗ ಜಗ್ಗಿದರು. ತಿಪ್ಪೇಸ್ವಾಮಿ ಮೇಲೆ ಬಂದಾಗ ಗೋಡೆಗೆ ಉಜ್ಜಿ ಭುಜದ ಚರ್ಮ ಕಿತ್ತುಹೋಗಿತ್ತು. ಉಸಿರು ಇತ್ತು, ಅಷ್ಟೇ.

ಅದೇ ಆಟೋದಲ್ಲಿ ಕಲ್ಯಾಣದುರ್ಗದ ಆಸ್ಪತ್ರೆಗೆ ಹೊರಟೆವು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಗಮ್ಮ ಹೇಳುತ್ತಲೇ ಇದ್ದರು. ಬೆಳಿಗ್ಗೆ ಓಡುತ್ತಿದ್ದ ಎಂಜಿನ್ ತಾನೇ ನಿಂತುಹೋಯಿತಂತೆ. ಒಳಗೆ ಹೊಗೆ ಇದೆ, ಈಗಲೇ ಬೇಡ ಎಂದು ಇವರು ತಡೆದರಂತೆ. ತಿಪ್ಪೇಸ್ವಾಮಿಯವರೂ ಒಪ್ಪಿ ಮನೆಗೆ ಬಂದು ಜಗಲಿಯ ಮೇಲೆ ಕೂತಿದ್ದರಂತೆ. ಆಮೇಲೆ ಲಾಟೀನು ತೆಗೆದುಕೊಂಡು ಹೊರಟಾಗ, ಹಗ್ಗ ಕಟ್ಟಿಕೊಳ್ಳದೆ ಬಿಡುವುದಿಲ್ಲ ಎಂದು ಹಠ ಮಾಡಿದ್ದೂ ಇವರೇ.

ಅಷ್ಟು ಹೇಳಿ ನನ್ನ ಮುಖ ನೋಡಿದರು. "ದೀಪ ಆರ್ದಿದ್ರೆ ಇಳೀಬೋದು ಅಂತ ಮೈಕ್ನಾಗೆ ಹೇಳಿದ್ದು ನೀನೇ ಅಲ್ವೇನಮ್ಮ?"

"ಪೂರ್ತಿ ಮಾತು ಅದಲ್ಲಮ್ಮ" ಎಂದೆ.

"ನಮ್ಮ ಬೀದ್ಯಾಗೆ ಅಷ್ಟೇ ಕೇಳಿದ್ದು ಕಣಮ್ಮ."

ಓಬಳೇಶುವನ್ನು ಬೈಯಲೇ? ಅವನು ಮಾಡಿದ್ದು ಮರ್ಯಾದಸ್ಥರು ಮಾಡುವ ಕೆಲಸ.

ಈಗ ಎಲ್ಲರೂ ಬರೆದದ್ದನ್ನು ದನಿಗೆ ಇಳಿಸುವ ಮಾತಾಡುತ್ತಾರೆ. ಓದಲು ಪುರುಸೊತ್ತಿಲ್ಲದವರನ್ನೂ ತಲುಪಬಹುದಂತೆ. ತಲುಪುತ್ತದೆ, ನಿಜ. ಯಾವ ತುಂಡು ತಲುಪುತ್ತದೆ? ಓದುವವನು ಗೊತ್ತಾಗದಿದ್ದರೆ ಹಿಂದಕ್ಕೆ ಹೋಗಿ ನೋಡುತ್ತಾನೆ. ಕೇಳುವವರ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಬಾಗಿಲಲ್ಲಿ ದನ ಕೂಗುತ್ತಿರುತ್ತದೆ, ಆಟೋ ಮುಂದಿನ ಬೀದಿಗೆ ಹೋಗಿರುತ್ತದೆ. ಜಾಹೀರಾತಿಗೆ ಅಷ್ಟು ಸಾಕು. ಬಾವಿಗೆ ಸಾಲದು.

ಆ ಬರಹವನ್ನು ತಿದ್ದಿ ಹೊಸದಾಗಿ ಓದಿ ರೆಕಾರ್ಡ್ ಮಾಡಿದೆ. ಮೊದಲ ಮಾತೂ 'ಇಳಿಯಬೇಡಿ', ಕೊನೆಯ ಮಾತೂ ಅದೇ. ಅಂಗಡಿಯ ಹೆಸರನ್ನು ಮಾವನೇ ತೆಗೆಸಿದರು. ಹೋದ ಊರುಗಳಿಗೆಲ್ಲ ಮತ್ತೆ ಹೋದೆವು, ಈ ಸಲ ಮಾವನೂ ಆಟೋದಲ್ಲಿ ಕೂತರು. ಓಬಳೇಶು ಬೀದಿಗೊಂದು ಕಡೆ ಆಟೋ ನಿಲ್ಲಿಸಿ, ಪೂರ್ತಿ ಮುಗಿದ ಮೇಲೆಯೇ ಮುಂದಕ್ಕೆ ಬಿಡುತ್ತಿದ್ದ. ಆದರೂ ನಾನು ರಾತ್ರಿ ಬೆಚ್ಚಿ ಎದ್ದು ಕೂರುವುದು ನಿಲ್ಲಲಿಲ್ಲ. ತಿಪ್ಪೇಸ್ವಾಮಿ ಆಸ್ಪತ್ರೆಯಿಂದ ಮನೆಗೆ ಬಂದರೆಂದು ತಿಳಿದ ಮೇಲೂ.

ಕಳೆದ ಶುಕ್ರವಾರ ಗಂಗಮ್ಮ ಫೋನ್ ಮಾಡಿದರು. ಗಂಡನಿಗೆ ತಲೆನೋವು ಇನ್ನೂ ಬಿಟ್ಟಿಲ್ಲವಂತೆ, ಒಮ್ಮೊಮ್ಮೆ ಹೇಳಿದ್ದು ಮರೆಯುತ್ತಾರಂತೆ. "ನಿನ್ನೆ ಎಂಜಿನ್ನು ಮ್ಯಾಕೆ ಎತ್ತಿಸ್ಬುಟ್ವಿ ಕಣಮ್ಮ. ಇನ್ ಯಾರೂ ಇಳಿಯೋ ಹಂಗಿಲ್ಲ. ರಾತ್ರಿ ಇವ್ರು ಒಂದ್ಸಲಾನೂ ಎದ್ದು ಕೂರ್ಲಿಲ್ಲ" ಎಂದರು.

ಆ ಶುಕ್ರವಾರ ನಾನೂ ಬೆಳಗಾಗುವವರೆಗೆ ನಿದ್ದೆ ಮಾಡಿದೆ.

ಆದರೆ ಮೊದಲ ಸಲ ನನ್ನ ಮಾತು ಕೇಳಿಸಿಕೊಂಡವರೆಲ್ಲ ಎರಡನೆಯ ಸಲವೂ ಮನೆಯಲ್ಲೇ ಇದ್ದರೆಂದು ಯಾರು ಹೇಳಬಲ್ಲರು?